ತಲೆಗೆ ಬಂದದ್ದು ರುಮಾಲಿಗೆ

ದೊಡ್ಡ ಕುತ್ತಿನಿಂದ ಪಾರಾಗಿ ಬಂದವನನ್ನು ಕಂಡಾಗ ನಮ್ಮ ಹಿರಿಯರು ಆಡುತ್ತಿದ್ದ ಮಾತೊಂದುಂಟು: "ತಲೆಗೆ ಬಂದದ್ದು ರುಮಾಲಿಗೆ ಹೋಯಿತು." ಈ ಮಾತು ಅಕ್ಷರಶಃ ನಡೆದುಹೋದ ಪ್ರಸಂಗ ನಮ್ಮ ಭಾರತಕಥೆಯಲ್ಲಿಯೇ ಇದೆ. ಕರ್ಣ ಸರ್ಪಾಸ್ತ್ರವನ್ನು ಅರ್ಜುನನ ಕೊರಳಿಗೆ ಗುರಿಯಿಟ್ಟು ಬಿಟ್ಟ. ಕೃಷ್ಣ ರಥವನ್ನು ಕೆಲವೇ ಅಂಗುಲ ನೆಲಕ್ಕೆ ಒತ್ತಿದ. ಬಾಣ ಕೊರಳನ್ನು ಬಿಟ್ಟು ಕಿರೀಟವನ್ನು ಹೊತ್ತೊಯ್ದಿತು. ಹದಿನೆಂಟು ವರ್ಷಗಳಿಂದ ಈ ಭಾಗವನ್ನು ತರಗತಿಯಲ್ಲಿ ಪಾಠ ಮಾಡುತ್ತ ಬಂದಿದ್ದೇನೆ. ಆದರೆ ಅರ್ಜುನ ಸಾವಿಗೆ ಎಷ್ಟು ಹತ್ತಿರ ಹೋಗಿದ್ದ, ಆ ದೂರವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ನನಗೆ ಎಂದೂ ಹೊಳೆದಿರಲಿಲ್ಲ. ಪಾರಾದನಲ್ಲ, ಮುಗಿಯಿತು ಎಂದು ಮುಂದಿನ ಪದ್ಯಕ್ಕೆ ಹೋಗಿಬಿಡುತ್ತಿದ್ದೆ.

ಪಾರಾದ ಮೇಲೂ ಬಿಡದೆ ಅಂಗುಲಗಳ ಲೆಕ್ಕ ಹಾಕುವ ಜನರನ್ನು ನಾನು ಕಂಡುದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. 2025ರ ಜೂನ್ ತಿಂಗಳಲ್ಲಿ ಅಕ್ಕನ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಭಾವನಿಗೆ ಆ ಊರಿನಲ್ಲಿ ಇಪ್ಪತ್ತು ವರ್ಷಗಳ ಬಳಕೆ. ಒಂದು ಶನಿವಾರ ಬೆಳಗ್ಗೆ ಅವರು, "ಬಾರಯ್ಯ, ಪುಸ್ತಕದ ಅಂಗಡಿಗಳನ್ನು ಆಮೇಲೆ ನೋಡುವಿಯಂತೆ. ಇಲ್ಲಿಯ ಪಂಡಿತರ ವಾಗ್ವಾದವನ್ನು ಒಂದು ಸಲ ಕೇಳು" ಎಂದು ವಾಲ್ಟನ್ ಎಂಬ ಭಾಗದ ಚಹಾದ ಅಂಗಡಿಗೆ ಕರೆದೊಯ್ದರು. ಅಂಗಡಿಯಿಂದ ಸ್ವಲ್ಪ ದೂರದಲ್ಲಿಯೇ ಗುಡಿಸನ್ ಪಾರ್ಕ್ ಎಂಬ ಕಾಲ್ಚೆಂಡಿನ ಕ್ರೀಡಾಂಗಣ. ಸಾಲುಮನೆಗಳ ನಡುವೆ ಹಡಗೊಂದು ಸಿಕ್ಕಿಕೊಂಡಂತೆ ನಿಂತಿದೆ; ಅದರ ಒಂದು ಮೂಲೆಗೆ ತಗುಲಿಕೊಂಡು ಹಳೆಯ ಇಗರ್ಜಿ. 1892ರಿಂದ ಎವರ್ಟನ್ ತಂಡದ ಮನೆ ಅದು. ನಾನು ಹೋಗುವುದಕ್ಕೆ ಮೂರು ನಾಲ್ಕು ವಾರ ಮುಂಚೆ, ಮೇ 18ರಂದು, ಎವರ್ಟನ್ನಿನ ಪುರುಷರ ತಂಡ ಅಲ್ಲಿ ತನ್ನ ಕೊನೆಯ ಆಟವನ್ನಾಡಿತ್ತು. ನದಿಯ ದಡದ ಹೊಸ ಕ್ರೀಡಾಂಗಣಕ್ಕೆ ಹೊರಡುವ ಸಿದ್ಧತೆ ನಡೆದಿತ್ತು. ಮನೆ ಬದಲಿಸುವ ಹೊತ್ತಿನಲ್ಲಿ ಅಟ್ಟದ ಮೇಲಿನ ಹಳೆಯ ಸಾಮಾನೆಲ್ಲ ಕೆಳಗಿಳಿಯುವುದು ಸಹಜ. ಅಂದಿನ ಮಾತು ಅಂಥದು.

ವಿಷಯವನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಇಂಗ್ಲೆಂಡಿನ ಕಾಲ್ಚೆಂಡಿನಾಟ ಶ್ರೇಣಿಗಳಾಗಿ ಹಂಚಿಕೊಂಡಿದೆ. ಮೇಲಿನ ಶ್ರೇಣಿಯಲ್ಲಿ ಈಗ 20 ತಂಡಗಳು. ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದರೊಡನೆ ಎರಡೆರಡು ಸಲ, ಒಟ್ಟು 38 ಆಟಗಳನ್ನು ಆಡುತ್ತದೆ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ವರ್ಷದ ಕೊನೆಗೆ ಅಂಕಗಳು ಸರಿಸಮವಾಗಿದ್ದರೆ, ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಹಿರಿಕಿರಿಯರನ್ನು ನಿರ್ಣಯಿಸುತ್ತಾರೆ. ಕಟ್ಟಕಡೆಯ ಮೂರು ತಂಡಗಳು ಕೆಳಶ್ರೇಣಿಗೆ ಇಳಿಯಬೇಕು. ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಹಿಂಬಡ್ತಿ. ಇಳಿದ ತಂಡಕ್ಕೆ ದೂರದರ್ಶನದ ಹಣ ಕುಗ್ಗುತ್ತದೆ, ಒಳ್ಳೆಯ ಆಟಗಾರರು ಮಾರಾಟವಾಗುತ್ತಾರೆ, ಕಚೇರಿಯ ನೌಕರರು ಕೆಲಸ ಕಳೆದುಕೊಳ್ಳುವುದೂ ಉಂಟು. ನಮ್ಮ ಪರೀಕ್ಷೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಪರೀಕ್ಷೆಯಲ್ಲಿ ತರಗತಿಯವರೆಲ್ಲರೂ ತೇರ್ಗಡೆಯಾಗಬಹುದು. ಇಲ್ಲಿ ಎಷ್ಟು ಚೆನ್ನಾಗಿ ಆಡಿದರೂ ಮೂವರು ಬೀಳಲೇಬೇಕು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ಎವರ್ಟನ್ ಸಾಮಾನ್ಯವಾದ ತಂಡವಲ್ಲ. 1888ರಲ್ಲಿ ಆ ದೇಶದ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಅದನ್ನು ಕಟ್ಟಿದ ಹನ್ನೆರಡು ತಂಡಗಳಲ್ಲಿ ಅದೂ ಒಂದು. ಒಂಬತ್ತು ಸಲ ದೇಶದ ಅಗ್ರಪಟ್ಟವನ್ನು ಗಳಿಸಿದೆ, ಕೊನೆಯದು 1987ರಲ್ಲಿ. ಅತ್ಯುತ್ತಮವಾದುದಲ್ಲದೆ ಬೇರೆ ಯಾವುದೂ ಸಾಲದು ಎಂಬರ್ಥದ ಲ್ಯಾಟಿನ್ ವಾಕ್ಯ ಅದರ ಲಾಂಛನದ ಮೇಲಿದೆ. 1954ರಲ್ಲಿ ಮೇಲಿನ ಶ್ರೇಣಿಗೆ ಮರಳಿ ಬಂದ ಮೇಲೆ ಅದು ಮತ್ತೆ ಕೆಳಗಿಳಿದಿಲ್ಲ. ಆದರೆ ಇಳಿಯುವಂತಾದುದು ಒಂದು ಸಲವಲ್ಲ, ನಾಲ್ಕು ಸಲ. ಆ ನಾಲ್ಕರಲ್ಲಿ ಯಾವುದು ಎಲ್ಲಕ್ಕಿಂತ ಹತ್ತಿರದ್ದು ಎಂಬುದೇ ಆ ಬೆಳಗಿನ ವಾದದ ವಿಷಯ.

ವಾದಿಗಳಲ್ಲಿ ಹಿರಿಯವರು ಬಂದರಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಅಜ್ಜ. ಎದುರಿಗೆ ಅವರ ಬಾಲ್ಯದ ಗೆಳೆಯರು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟರು. ಅಜ್ಜನ ಮೊಮ್ಮಗಳು ಕಾಲೇಜಿನಲ್ಲಿ ಓದುವ ಹುಡುಗಿ. ಮೇಷ್ಟರ ಮಗ್ಗುಲಲ್ಲಿ ಅವರ ಅಳಿಯ. ಮಾತಿಲ್ಲದೆ ಚಹಾ ಕುಡಿಯುತ್ತಿದ್ದ ನಡುವಯಸ್ಸಿನ ಮನುಷ್ಯ. ನಾನು ವಾದದ ನಡುವಿನಲ್ಲಿ ಹೋಗಿ ಕುಳಿತೆ.

"ನೋಡು, ಮರ ಹತ್ತಿದ ವರ್ಷಕ್ಕೆ ಸಮನಾದುದು ಇನ್ನೊಂದಿಲ್ಲ" ಎನ್ನುತ್ತಿದ್ದರು ಅಜ್ಜ.

ಅದು 1994ರ ಮೇ 7. ಆಗ ಶ್ರೇಣಿಯಲ್ಲಿ 22 ತಂಡಗಳು. ಗುಡಿಸನ್ನಿನ ಒಂದು ಪಕ್ಕದ ಅಟ್ಟಣೆಯನ್ನು ಹೊಸದಾಗಿ ಕಟ್ಟಲೆಂದು ಕೆಡವಿದ್ದುದರಿಂದ, ಒಳಗೆ ಜಾಗ ಸಿಕ್ಕದವರು ಎದುರಿನ ಸ್ಟ್ಯಾನ್ಲಿ ಉದ್ಯಾನದ ಮರಗಳನ್ನೇರಿ ಕುಳಿತಿದ್ದರಂತೆ. ಕೊನೆಯ ದಿನದ ಬೆಳಗ್ಗೆ ಎವರ್ಟನ್ ಇಳಿಯುವ ಮೂವರ ಪೈಕಿ. ಗೆಲ್ಲದೆ ಗತಿಯಿಲ್ಲ. ಆಟ ಆರಂಭವಾಗಿ ಇಪ್ಪತ್ತು ನಿಮಿಷಗಳಲ್ಲಿ ವಿಂಬಲ್ಡನ್ ತಂಡ ಎರಡು ಗೋಲು ಮುಂದೆ. ಗ್ರಹಾಂ ಸ್ಟುವರ್ಟ್ ದಂಡದೊದೆತದಿಂದ ಒಂದನ್ನು ತೀರಿಸಿದ. ಬ್ಯಾರಿ ಹಾರ್ನ್ ದೂರದಿಂದ ಹೊಡೆದು ಎರಡನೆಯದನ್ನು ತೀರಿಸಿದ. 81ನೆಯ ನಿಮಿಷದಲ್ಲಿ ಮತ್ತೆ ಸ್ಟುವರ್ಟ್. ಆಟ 3-2. "ನನ್ನ ಪಕ್ಕದ ಕೊಂಬೆಯ ಮೇಲಿದ್ದವನು ಅಳುತ್ತಿದ್ದ. ಅವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ" ಎಂದರು ಅಜ್ಜ. ಅವರು ಹೇಳಿದ ಅಷ್ಟೂ ಸಂಗತಿಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತುದು ಆ ಕೊಂಬೆಯ ಮೇಲಿನ ಮನುಷ್ಯ.

ಮೇಷ್ಟರು ತಲೆಯಾಡಿಸಿದರು. "ನಿನಗೆ ಹತ್ತಿರ ಎಂದರೆ ಎದೆ ಹೊಡೆದುಕೊಳ್ಳುವುದು. ನನಗೆ ಹತ್ತಿರ ಎಂದರೆ ಕಾಗದದ ಮೇಲಿರುವುದು. 1998ನ್ನು ತೆಗೆದುಕೊ."

ಅವರು ಅಂಗಡಿಯ ಕಾಗದದ ಕರವಸ್ತ್ರವೊಂದನ್ನು ಎಳೆದುಕೊಂಡು ಬರೆದರು. 1998ರ ಮೇ 10. ಕೊನೆಯ ದಿನ ಎವರ್ಟನ್ನಿಗೆ 39 ಅಂಕ. ಅದರ ಮೇಲಿದ್ದ ಬೋಲ್ಟನ್ನಿಗೆ 40. ಗುಡಿಸನ್ನಿನಲ್ಲಿ ಗ್ಯಾರೆತ್ ಫ್ಯಾರೆಲ್ಲಿ ಮೊದಲಿಗೇ ಗೋಲು ಹೊಡೆದ. ಕೊನೆಗಾಲದಲ್ಲಿ ಎವರ್ಟನ್ನಿಗೆ ದೊರೆತ ದಂಡದೊದೆತವೊಂದು ವ್ಯರ್ಥವಾಯಿತು. ಅದರ ಬೆನ್ನಿಗೇ ಕವೆಂಟ್ರಿಯ ಡಿಯಾನ್ ಡಬ್ಲಿನ್ ಆಟವನ್ನು ಸಮ ಮಾಡಿದ. ಎವರ್ಟನ್ನಿಗೆ ಸಿಕ್ಕಿದ್ದು ಒಂದೇ ಅಂಕ. ಅತ್ತ ಲಂಡನ್ನಿನಲ್ಲಿ ಬೋಲ್ಟನ್ ಚೆಲ್ಸಿಗೆ 0-2ರಿಂದ ಸೋತಿತು. ಮೇಷ್ಟರು ಬರೆದುದನ್ನು ನನ್ನ ಕಡೆಗೆ ತಿರುಗಿಸಿದರು. ಎರಡೂ ತಂಡಗಳಿಗೆ 9 ಗೆಲುವು, 13 ಸಮ, 16 ಸೋಲು. ಎರಡಕ್ಕೂ 40 ಅಂಕ. ಎರಡೂ ಹೊಡೆದುದು 41 ಗೋಲು. ಬಿಟ್ಟುಕೊಟ್ಟವು ಮಾತ್ರ ಎವರ್ಟನ್ 56, ಬೋಲ್ಟನ್ 61. ಒಂದು ವರ್ಷದ ದುಡಿಮೆಯಲ್ಲಿ ಐದು ಗೋಲುಗಳ ವ್ಯತ್ಯಾಸ. "ಇದಕ್ಕಿಂತ ಹತ್ತಿರ ಯಾವುದಿದೆ, ಹೇಳಿ" ಎಂದು ನನ್ನನ್ನೇ ಕೇಳಿದರು. ಛಂದಸ್ಸಿನ ಮಾತ್ರೆಗಳನ್ನು ಎಣಿಸಿ ಅಭ್ಯಾಸವಿರುವ ನನಗೆ ಆ ಕಾಗದವನ್ನು ಕಂಡು ಸಂತೋಷವೇ ಆಯಿತು.

ಮೊಮ್ಮಗಳು ಒಪ್ಪಲಿಲ್ಲ. "ಅಜ್ಜ, ನೀವಿಬ್ಬರೂ ನಾನು ಹುಟ್ಟುವುದಕ್ಕೆ ಮುಂಚಿನ ಮಾತಾಡುತ್ತೀರಿ. ನಾವು ನಿಜವಾಗಿ ಇಳಿದೇಹೋದದ್ದು 2023ರಲ್ಲಿ. 23 ನಿಮಿಷ ನಾವು ಇಳಿದಿದ್ದೆವು."

2023ರ ಮೇ 28. ಎವರ್ಟನ್ನಿಗೆ 33 ಅಂಕ, ಲೆಸ್ಟರಿಗೂ ಲೀಡ್ಸಿಗೂ 31. ಗುಡಿಸನ್ನಿನಲ್ಲಿ ಬೋರ್ನ್‌ಮತ್ ಎದುರು ಇನ್ನೂ ಗೋಲಿಲ್ಲ. ಅತ್ತ ತನ್ನ ಊರಿನಲ್ಲಿ ಲೆಸ್ಟರ್ 34ನೆಯ ನಿಮಿಷದಲ್ಲಿ ಒಂದು ಗೋಲು ಹೊಡೆಯಿತು. ಆ ಕ್ಷಣದಲ್ಲಿ ಇಬ್ಬರಿಗೂ 34 ಅಂಕ. ಗೋಲುಗಳ ಅಂತರದಲ್ಲಿ ಲೆಸ್ಟರ್ ಮೇಲು. ಎವರ್ಟನ್ 57ನೆಯ ನಿಮಿಷದವರೆಗೆ, ಅಬ್ದುಲಾಯೆ ಡುಕುರೆ ದೂರದಿಂದ ಹೊಡೆದ ಚೆಂಡು ಬಲೆಯನ್ನು ಸೇರುವವರೆಗೆ, ಕೆಳಶ್ರೇಣಿಯ ತಂಡವಾಗಿತ್ತು. "ಯಾರೂ ಕೂಗುತ್ತಿರಲಿಲ್ಲ. ಎಲ್ಲರೂ ಕೈಯಲ್ಲಿದ್ದ ಫೋನು ನೋಡುತ್ತಿದ್ದರು. ಗೋಲಾದ ಮೇಲೂ ಕೊನೆಗೆ ಹತ್ತು ನಿಮಿಷ ಹೆಚ್ಚಿಗೆ ಆಡಿಸಿದರು. ಪಿಕ್‌ಫರ್ಡ್ ಒಂದು ಚೆಂಡನ್ನು ತಡೆಯದಿದ್ದರೆ ಅಲ್ಲಿಗೆ ಮುಗಿಯಿತು" ಎಂದಳು. ಪಟ್ಟಿಯನ್ನು ನೋಡಿದರೆ ಎವರ್ಟನ್ 36, ಲೆಸ್ಟರ್ 34. ಎರಡು ಅಂಕಗಳ ನೆಮ್ಮದಿ. ಆದರೆ ಬೋರ್ನ್‌ಮತ್ ಒಂದೇ ಒಂದು ಗೋಲು ಹೊಡೆದಿದ್ದರೆ ಆ ಎರಡು ಅಂಕಗಳೂ ಹಾರಿಹೋಗುತ್ತಿದ್ದುವು. ಪಟ್ಟಿ ಸುಳ್ಳು ಹೇಳುವುದಿಲ್ಲ, ಸರಿ. ಆದರೆ ಎಲ್ಲವನ್ನೂ ಹೇಳುವುದೂ ಇಲ್ಲ.

ಇಲ್ಲಿಯವರೆಗೆ ವಾದ ವಿನೋದವಾಗಿಯೇ ನಡೆದಿತ್ತು. 2022ರ ಮಾತು ಬಂದಾಗ ಕಾವೇರಿತು. ಆ ವರ್ಷದ ಮೇ 19ರಂದು ಎವರ್ಟನ್ ತನ್ನ ಮನೆಯಂಗಳದಲ್ಲಿ ಕ್ರಿಸ್ಟಲ್ ಪ್ಯಾಲೇಸ್ ತಂಡದೆದುರು ಅರ್ಧ ಆಟಕ್ಕೆ 0-2 ಹಿಂದಿತ್ತು. ಆಮೇಲೆ ಮೂರು ಗೋಲು. ಮೂರನೆಯದು 85ನೆಯ ನಿಮಿಷದಲ್ಲಿ ಕ್ಯಾಲ್ವರ್ಟ್-ಲೂವಿನ್ ತಲೆಯಿಂದ ಹೊಡೆದುದು. ಜನ ಅಂಗಳಕ್ಕೆ ನುಗ್ಗಿದರು. ಇನ್ನೂ ಒಂದು ಆಟ ಉಳಿದಿರುವಾಗಲೇ ತಂಡ ಪಾರಾಗಿತ್ತು. ಅಜ್ಜನಿಗೆ ಆ ರಾತ್ರಿಯ ನೆನಪೂ ಮರದ ಮೇಲಿನ ನೆನಪಿನಷ್ಟೇ ಪ್ರಿಯ.

ಮೇಷ್ಟರು ಕರವಸ್ತ್ರದ ಇನ್ನೊಂದು ಮಗ್ಗುಲಿಗೆ ಹೊರಳಿದರು. "ಆ ರಾತ್ರಿ ನಾವು ಸೋತಿದ್ದರೂ ಇಳಿಯುತ್ತಿರಲಿಲ್ಲ. ಸೋತಿದ್ದರೆ ನಮಗೆ 36. ಕೊನೆಯ ದಿನ ಆರ್ಸೆನಲ್ ಎದುರು ಹೇಗೂ ಸೋತೆವು, ಆಗಲೂ 36. ನಮ್ಮ ಕೆಳಗಿದ್ದ ಬರ್ನ್‌ಲಿ ಕೊನೆಯ ದಿನ ಸೋತು 35ಕ್ಕೆ ನಿಂತಿತು. ಒಂದು ಅಂಕದಿಂದ ನಾವು ಉಳಿಯುತ್ತಿದ್ದೆವು. ನೀನು ಆ ರಾತ್ರಿ ಹೆದರಿದುದು ವ್ಯರ್ಥ."

ಅಜ್ಜನ ಮುಖ ಕೆಂಪಾಯಿತು. "ವ್ಯರ್ಥವೆ? ಆ ರಾತ್ರಿ ನನ್ನ ಕೈ ನಡುಗುತ್ತಿದ್ದುದನ್ನು ಹಿಡಿದುಕೊಂಡವನು ನೀನೇ ಅಲ್ಲವೆ?"

ಮೇಷ್ಟರು ಉತ್ತರ ಕೊಡಲಿಲ್ಲ. ನನಗೆ ಆಗ ತಿಳಿಯಿತು: ಇವರು ವಾದಿಸುತ್ತಿರುವುದು ಅಂಕಗಳನ್ನು ಕುರಿತು ಮಾತ್ರವಲ್ಲ. ಮನುಷ್ಯನಿಗೆ ಅವನ ಸಂತೋಷ ಸುಳ್ಳು ಎಂದರೆ ಸಹಿಸಿಯಾನು. ಅವನ ಭಯ ಸುಳ್ಳು ಎಂದರೆ ಸಹಿಸಲಾರ. ಗೆಳೆಯನೊಡನೆ ಕೈಹಿಡಿದು ಅನುಭವಿಸಿದ ಭಯವಾದರೆ ಹೇಳಲೇಬೇಕಾಗಿಲ್ಲ. ಕುತ್ತು ಹತ್ತಿರವಾಗಿರಲಿಲ್ಲ ಎಂದರೆ, ನಾವಿಬ್ಬರೂ ಅಂದು ಕೂಡಿ ಪಾರಾದುದೂ ಇಲ್ಲ ಎಂದಂತಾಗುತ್ತದೆ. ಮನೆಯಲ್ಲಿ ಯಾರಾದರೂ ಕಾಯಿಲೆಯಿಂದ ಎದ್ದಮೇಲೆ, "ಅದೇನು ಅಂಥ ದೊಡ್ಡ ಜ್ವರವೇ" ಎನ್ನುವ ನೆಂಟರ ಮೇಲೆ ನಮಗೆ ಬರುವ ಸಿಟ್ಟೂ ಇಂಥದೇ.

ಇಷ್ಟು ಹೊತ್ತೂ ಸುಮ್ಮನಿದ್ದ ಅಳಿಯ ಆಗ ಲೋಟವನ್ನು ಕೆಳಗಿಟ್ಟರು. "ಮಾವ, ನಾನೊಂದು ಮಾತು ಕೇಳಬಹುದೆ?" ಎಂದರು. ಅವರು ಬೋಲ್ಟನ್ನಿನವರು ಎಂಬುದನ್ನು ಭಾವ ನನ್ನ ಕಿವಿಯಲ್ಲಿ ಹೇಳಿದರು.

"1997ರ ಸೆಪ್ಟೆಂಬರ್ 1. ನಮ್ಮ ಊರಿನ ಹೊಸ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಆಟ. ಎದುರಾಳಿ ನೀವೇ. ಗೆರಿ ಟ್ಯಾಗರ್ಟ್ ತಲೆಯಿಂದ ಹೊಡೆದ ಚೆಂಡು ಗೆರೆಯನ್ನು ದಾಟಿತು. ಚಿತ್ರದಲ್ಲಿ ನೋಡಿದವರೆಲ್ಲ ಅದನ್ನು ಒಪ್ಪಿದ್ದಾರೆ. ತೀರ್ಪುಗಾರರಿಗೆ ಕಾಣಲಿಲ್ಲ. ಆಟ 0-0. ಆ ಗೋಲನ್ನು ಕೊಟ್ಟು ನಾವು ಗೆದ್ದಿದ್ದರೆ ವರ್ಷದ ಕೊನೆಗೆ ನಮಗೆ 42, ನಿಮಗೆ 39. ನೀವು ಎಷ್ಟು ಹತ್ತಿರ ಬಂದಿರಿ ಎಂದು ನಿಮ್ಮನಿಮ್ಮಲ್ಲೇ ಕೇಳಿಕೊಳ್ಳುತ್ತಿದ್ದೀರಿ. ನಮ್ಮ ಊರಿನವರನ್ನು ಕೇಳಿ, ಹೇಳುತ್ತಾರೆ."

ಗೆರೆಯನ್ನು ಚೆಂಡು ದಾಟಿತೇ ಇಲ್ಲವೇ ಎಂದು ಹೇಳುವ ಯಂತ್ರ ಆ ಶ್ರೇಣಿಗೆ ಬಂದುದು 2013ರಲ್ಲಿ; ಆ ಆಟ ನಡೆದ ಹದಿನಾರು ವರ್ಷಗಳ ಮೇಲೆ.

ಮೇಷ್ಟರು ಎದುರು ಹೇಳಿದರು: "ಅದು ಸೆಪ್ಟೆಂಬರಿನ ಮಾತಪ್ಪ. ಆಮೇಲೆ ಮೂವತ್ತಕ್ಕೂ ಹೆಚ್ಚು ಆಟಗಳಿದ್ದುವು. ಆ ಗೋಲು ಆಗಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತು. ಒಂದು ಅಂಕೆಯನ್ನು ತಿದ್ದಿ, ಉಳಿದುವು ಇದ್ದಂತೆಯೇ ಇರುತ್ತವೆ ಎನ್ನಲಾಗದು."

"ಹೌದು ಮಾವ" ಎಂದರು ಅಳಿಯ, ಮೆಲ್ಲಗೆ. "ಹಾಗಾದರೆ 2022ರ ನಿಮ್ಮ ಲೆಕ್ಕವೂ ಹಾಗೆಯೇ ಅಲ್ಲವೆ? ಆ ರಾತ್ರಿ ನೀವು ಸೋತಿದ್ದರೆ, ಕೊನೆಯ ದಿನ ಬರ್ನ್‌ಲಿಯವರು ಅದೇ ಎದೆಯಿಂದ ಆಡುತ್ತಿದ್ದರೆ?"

ಅಜ್ಜ ಮೇಜನ್ನು ತಟ್ಟಿ ನಕ್ಕುಬಿಟ್ಟರು. ತಮ್ಮ ಭಯಕ್ಕೆ ಸಾಕ್ಷಿ ಬೋಲ್ಟನ್ನಿನಿಂದ ದೊರೆಯಿತೆಂದು ಅವರಿಗೆ ಪರಮಾನಂದ. ಆದರೆ ನಗೆ ಬೇಗ ನಿಂತಿತು. ಏಕೆಂದರೆ ಮೇಷ್ಟರು ಪ್ರಾಮಾಣಿಕರು. ಲೆಕ್ಕ ತಮಗೆ ಪ್ರತಿಕೂಲವಾದರೂ ಕೊನೆಯವರೆಗೆ ಮಾಡುವವರು. ಅವರು ಕರವಸ್ತ್ರದ ಉಳಿದ ಜಾಗದಲ್ಲಿ ಇನ್ನೊಂದು ಸಾಲು ಬರೆದರು.

ಆ ಸಾಲು ಇದು. ತಂಡಗಳು ಮೂರು ವರ್ಷಗಳಲ್ಲಿ ಇಷ್ಟಕ್ಕಿಂತ ಹೆಚ್ಚು ನಷ್ಟ ಮಾಡಿಕೊಳ್ಳಬಾರದೆಂದು ಒಂದು ನಿಯಮವಿತ್ತು, ಮಿತಿ 10.5 ಕೋಟಿ ಪೌಂಡು. 2022ರ ಬೇಸಗೆಗೆ ಮುಗಿದ ಅವಧಿಯಲ್ಲಿ ಎವರ್ಟನ್ನಿನ ನಷ್ಟ 12.45 ಕೋಟಿ ಎಂದು ವಿಚಾರಣಾ ಮಂಡಲಿ ಕಂಡಿತು. 2023ರ ನವೆಂಬರಿನಲ್ಲಿ 10 ಅಂಕ ಕಳೆದರು. ಮೇಲ್ಮನವಿಯ ಮೇಲೆ 2024ರ ಫೆಬ್ರವರಿಯಲ್ಲಿ ಅದನ್ನು 6ಕ್ಕೆ ಇಳಿಸಿದರು. ಮುಂದಿನ ಅವಧಿಯ ನಷ್ಟಕ್ಕಾಗಿ ಏಪ್ರಿಲಿನಲ್ಲಿ ಮತ್ತೆ 2 ಕಳೆದರು. ಆ ವರ್ಷ ಎವರ್ಟನ್ 48 ಅಂಕ ಗಳಿಸಿದ್ದರಿಂದ ಎಂಟು ಹೋದರೂ 40 ಉಳಿದು ಸುಖವಾಗಿ ಪಾರಾಯಿತು. ಇಳಿದವರಲ್ಲಿ ಮೇಲಿನವರಿಗೆ ಇದ್ದುದು 26. ಎಂದರೆ, ಅಂಕ ಕಳೆದುಕೊಂಡು ಎಲ್ಲರೂ ಗೋಳಾಡಿದ ವರ್ಷವೇ ಲೆಕ್ಕದಲ್ಲಿ ಎಲ್ಲಕ್ಕಿಂತ ದೂರದ ವರ್ಷ! ಆದರೆ ಮೇಷ್ಟರು ಬರೆದ ಸಾಲು ಅದಲ್ಲ. ಆ 6ನ್ನು ಅವರು 2022ರ 39ರಿಂದ ಕಳೆದಿದ್ದರು. ಉಳಿದುದು 33. ಪಕ್ಕದಲ್ಲಿ ಬರ್ನ್‌ಲಿಯ 35.

"ನಿಯಮ ಹಾಗೆ ಹೇಳುವುದಿಲ್ಲ. ತೀರ್ಪು ಬಂದ ವರ್ಷದಲ್ಲಿಯೇ ಕಳೆಯುವುದು. ಇದು ಬರಿಯ ಕಳೆಯುವ ಲೆಕ್ಕ" ಎಂದರು. ಆಮೇಲೆ ಆ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡರು.

ಮನೆಗೆ ಹಿಂದಿರುಗುವಾಗ ಭಾವ ಸ್ಟ್ಯಾನ್ಲಿ ಉದ್ಯಾನದ ಮೂಲಕ ಕರೆತಂದರು. ಅಜ್ಜ ಹತ್ತಿದ ಮರ ಯಾವುದೆಂದು ತಿಳಿಯುವಂತಿರಲಿಲ್ಲ. ನಾನು 1994ರ ಕಥೆಯ ಇನ್ನೊಂದು ಅರ್ಧವನ್ನು ಕೇಳಿದೆ. ಅಂದು ಮಧ್ಯಾಹ್ನ ಎವರ್ಟನ್ ಗೆಲ್ಲುತ್ತಿದ್ದಾಗ ಶೆಫೀಲ್ಡ್ ಯುನೈಟೆಡ್ ತಂಡ ಲಂಡನ್ನಿನಲ್ಲಿ ಚೆಲ್ಸಿಯೊಡನೆ ಆಡುತ್ತಿತ್ತು. ಎರಡು ಸಲ ಮುಂದಿದ್ದು, 2-2 ಸಮವಾಗಿ, ಹಾಗೆಯೇ ಮುಗಿದಿದ್ದರೆ ಅವರು ಉಳಿಯುತ್ತಿದ್ದರು; ಇಪ್ಸ್‌ವಿಚ್ ಇಳಿಯುತ್ತಿತ್ತು. ಕಡೆಯ ನಿಮಿಷದಲ್ಲಿ ಚೆಲ್ಸಿಯ ಮಾರ್ಕ್ ಸ್ಟೈನ್ ಗೋಲು ಹೊಡೆದ. ಶೆಫೀಲ್ಡ್ ಇಳಿಯಿತು. ಮತ್ತೆ ಮೇಲಿನ ಶ್ರೇಣಿಯನ್ನು ಕಾಣಲು ಅವರಿಗೆ ಹನ್ನೆರಡು ವರ್ಷ ಬೇಕಾಯಿತು. ಮರದ ಮೇಲಿನ ಮನುಷ್ಯ ಸಂತೋಷದಿಂದ ಅಳುತ್ತಿದ್ದ ಹೊತ್ತಿಗೇ ಲಂಡನ್ನಿನಲ್ಲಿ ಇನ್ನೊಬ್ಬ ಬೇರೊಂದು ಕಾರಣಕ್ಕಾಗಿ ಅಳುತ್ತಿದ್ದನಲ್ಲವೆ? ಒಂದೇ ಮಧ್ಯಾಹ್ನ, ಒಂದೇ ಪಟ್ಟಿ.

ಊರಿಗೆ ಮರಳಿದ ಮೇಲೆ, ಕಾಲೇಜು ಆರಂಭವಾಗಿ ಕರ್ಣಪರ್ವದ ಪಾಠ ಬಂತು. ಕಿರೀಟ ಹಾರಿಹೋದ ಪದ್ಯವನ್ನು ಮುಗಿಸಿ, ಎಂದಿನಂತೆ ಮುಂದಕ್ಕೆ ಹೋಗಲು ನನ್ನಿಂದಾಗಲಿಲ್ಲ. ರಥ ನೆಲಕ್ಕೆ ಕುಸಿದುದರಿಂದ ಅರ್ಜುನ ಉಳಿದ. ಅದೇ ದಿನ, ಅದೇ ಕಣದಲ್ಲಿ, ರಥದ ಗಾಲಿ ನೆಲಕ್ಕೆ ಕುಸಿದುದರಿಂದ ಕರ್ಣ ಸತ್ತ. ಇಷ್ಟು ವರ್ಷ ಈ ಎರಡು ಕುಸಿತಗಳನ್ನು ನಾನು ಬೇರೆಬೇರೆ ದಿನಗಳ ಪಾಠವಾಗಿ ಹೇಳುತ್ತಿದ್ದೆ. ಈ ಸಲ ಒಟ್ಟಿಗೆ ಹೇಳಿದೆ. ಪಂಪನ ಕಾಲದಿಂದಲೂ ಕನ್ನಡದ ಓದುಗನ ಕಣ್ಣು ಗೆದ್ದ ರಥದ ಮೇಲೆ ಪೂರ್ತಿಯಾಗಿ ನಿಂತಿಲ್ಲ. ಹೂತುಹೋದ ಗಾಲಿಯ ಕಡೆಗೂ ಹೊರಳಿದೆ. ಅದು ಏಕೆಂದು ಪುಸ್ತಕಗಳಿಂದ ಓದಿ ಬಲ್ಲೆನಾದರೂ, ಕಣ್ಣಾರೆ ಕಂಡುದು ಆ ಚಹಾದ ಅಂಗಡಿಯಲ್ಲಿ.

2025ರ ಆಗಸ್ಟ್ 24ರಂದು ಎವರ್ಟನ್ ತನ್ನ ಹೊಸ ಕ್ರೀಡಾಂಗಣದಲ್ಲಿ ಮೊದಲ ಲೀಗ್ ಪಂದ್ಯವನ್ನಾಡಿ ಬ್ರೈಟನ್ ತಂಡವನ್ನು 2-0ರಿಂದ ಗೆದ್ದಿತು. ಭಾವ ಫೋನು ಮಾಡಿದಾಗ ಅಜ್ಜನ ಕ್ಷೇಮವನ್ನು ಕೇಳಿದೆ. ಚೆನ್ನಾಗಿದ್ದಾರಂತೆ. ಹೊಸ ಜಾಗದಲ್ಲಿ ಹತ್ತಲು ಮರಗಳಿಲ್ಲವೆಂಬುದೊಂದೇ ಅವರ ದೂರು. ಶನಿವಾರದ ವಾದ ಈಗಲೂ ನಡೆಯುತ್ತದೆ, ಅಳಿಯನೂ ಬರುತ್ತಾರೆ. ಮೊದಲಿನಂತಲ್ಲದೆ, ಮೇಷ್ಟರು ಈಗ ಲೆಕ್ಕವನ್ನು ಆರಂಭಿಸುವುದಕ್ಕೆ ಮುಂಚೆ ಅವರ ಕಡೆಗೆ ಒಮ್ಮೆ ನೋಡುತ್ತಾರಂತೆ.